ಅಪ್ಪ ಇರುವಾಗಲೇ ಹೋದ ಮೀಸೆ

ನಮ್ಮಪ್ಪನ ಕೆನ್ನೆಗೆ ಪಾಸು ಫೇಲು ಉಂಟು. ಗಡ್ಡ ಬೋಳಿಸಿ ಮುಗಿದ ಮೇಲೆ ಅವರು ಕೈ ಮಗುಚಿ, ಬೆರಳುಗಳ ಹಿಂಭಾಗವನ್ನು ದವಡೆಯಿಂದ ಕಿವಿಯ ಕಡೆಗೆ ಎಳೆದುಕೊಳ್ಳುತ್ತಾರೆ. ಕರಕರ ಎಂದರೆ ಫೇಲು. ಸದ್ದಿಲ್ಲದಿದ್ದರೆ "ನೊಣ ಕೂತ್ರೆ ಜಾರತ್ತೆ" ಎಂದು ಪಾಸು. ಎರಡು ವರ್ಷದಿಂದ ಅವರ ಕೈ ನಡುಗುವುದರಿಂದ ಶೇವ್ ಮಾಡುವ ಕೆಲಸ ನನ್ನದು. ಈ ಎರಡು ವರ್ಷದಲ್ಲಿ ನಾನು ಒಂದು ದಿನವೂ ಪಾಸಾಗಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಊರ ಮಕ್ಕಳನ್ನೆಲ್ಲ ಫೇಲು ಮಾಡಿದ ಪಾಪ ಹೀಗೆ ತೀರುತ್ತಿರಬೇಕು.

"ಉಪ್ಪಿಟ್ಟಿನ ರವೆ ಇದ್ದಂಗಿದೆ ಕಣೋ" ಎನ್ನುತ್ತಿದ್ದರು ಅಪ್ಪ. ಮೂರು ಬ್ಲೇಡಿನ ರೇಜರ್ ಬಗ್ಗೆ ಅವರಿಗೆ ತಾತ್ಸಾರ. ಹಿಂದೆ ತ್ಯಾಗರಾಜನಗರದ ಈ ಮನೆಗೆ ಭಾನುವಾರಗಳಂದು ಕ್ಷೌರದವರು ಬರುತ್ತಿದ್ದರು. ಹಿತ್ತಲಲ್ಲಿ ಮಣೆ ಹಾಕಿ, ಚರ್ಮದ ಪಟ್ಟಿಗೆ ಕತ್ತಿಯನ್ನು ಚಟ್ ಚಟ್ ಎಂದು ತಿಕ್ಕಿ ಅವರು ಮಾಡುತ್ತಿದ್ದುದೇ ಶೇವು, ನಾನು ಮಾಡುವುದು ಬರೀ ನೊರೆ ಒರೆಸುವ ಕೆಲಸ.

ಅಷ್ಟರಲ್ಲಿ ಅಪ್ಪನಿಗೆ ಸಹಸ್ರ ಚಂದ್ರ ದರ್ಶನದ ಶಾಂತಿ ನಿಶ್ಚಯವಾಯಿತು. ಸಾವಿರ ಹುಣ್ಣಿಮೆ ಕಂಡವರಿಗೆ, ಇನ್ನಷ್ಟು ಕಾಣಲಿ ಎಂದು ಮಕ್ಕಳು ಮಾಡಿಸುವ ಶಾಂತಿ ಇದು. ಗುರುವಾರ ಮನೆಯಲ್ಲೇ ಹೋಮ, ಊಟ.

"ಸಾವಿರ ಚಂದ್ರನ್ನ ನೋಡಿದೋನ ಮುಖ ಒಂದಿನ ಆದ್ರೂ ಚಂದ್ರನ ಥರ ಇರಬೇಡ್ವ?" ಎಂದರು ಅಪ್ಪ.

"ಚಂದ್ರನ ಮೇಲೆ ಬರೀ ಗುಂಡಿಗಳು ಅಪ್ಪ."

"ಗುಂಡಿ ಇದೆ. ಕೂದಲಿಲ್ಲ."

ಆನ್‌ಲೈನಿನಲ್ಲಿ ಒಂದು ಮಡಚುವ ಕ್ಷೌರದ ಕತ್ತಿ, ತಿಕ್ಕುವ ಪಟ್ಟಿ, ಬ್ರಷ್ಷು ತರಿಸಿದೆ. ಡಬ್ಬ ಬಿಚ್ಚಿದ ನನ್ನ ಹೆಂಡತಿ, "ರೀ, ಮಾಡಿಸ್ತಿರೋದು ಶಾಂತಿ ತಾನೇ?" ಎಂದು ಕೇಳಿದಳು.

ಮೊದಲು ನನ್ನ ಮುಖದ ಮೇಲೇ ಅಭ್ಯಾಸ ಮಾಡುವುದೆಂದುಕೊಂಡೆ. ವೀಡಿಯೋಗಳನ್ನು ನೋಡಿದೆ. ಬಿಸಿನೀರಿನ ಟವೆಲು ಒತ್ತಬೇಕು, ಎಡಗೈಯಲ್ಲಿ ಚರ್ಮ ಎಳೆದು ಹಿಡಿಯಬೇಕು, ಕತ್ತಿ ಮೂವತ್ತು ಡಿಗ್ರಿಯಲ್ಲಿರಬೇಕು, ಮೊದಲು ಕೂದಲು ಬೆಳೆದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಎದುರು ದಿಕ್ಕಿಗೆ. ಮೂರು ದಿನ ಮುಖದ ತುಂಬ ಪೇಪರ್ ಚೂರು ಅಂಟಿಸಿಕೊಂಡು ಓಡಾಡಿದೆ. ನಾಲ್ಕನೆಯ ದಿನ, ಭಾನುವಾರ, ಎರಡೂ ಕೆನ್ನೆ ನುಣ್ಣಗಾದವು. ಆಗ ನನಗೆ ಕೊಬ್ಬು ಬಂತು. ಹೇಗೂ ಕೈ ಕುದುರಿದೆ, ಮೀಸೆಯ ಅಂಚನ್ನೂ ಸ್ವಲ್ಪ ತಿದ್ದೋಣ ಎಂದು ಮೂಗಿನ ಕೆಳಗೆ ಕತ್ತಿ ಇಟ್ಟೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ಎಡಗಡೆ ಅರ್ಧ ಮೀಸೆ ಬೇಸಿನ್ನಿನಲ್ಲಿತ್ತು. ಸಮ ಮಾಡಲು ಬಲಗಡೆ ತೆಗೆದೆ. ಆ ಸಮ ಈ ಸಮ ಎಂದು ಹೆರೆಯುತ್ತ ಹೋಗಿ, ಮೂವತ್ತೈದು ವರ್ಷ ಸಾಕಿದ ಮೀಸೆ ಹತ್ತು ನಿಮಿಷದಲ್ಲಿ ಪೂರ್ತಿ ಹೋಯಿತು.

ಬರೀ ಮೀಸೆಯಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕಡೆ ತಂದೆ ಇರುವ ಮಗ ಮೀಸೆ ತೆಗೆಯುವಂತಿಲ್ಲ. ತಂದೆ ಹೋದಾಗ ಕರ್ಮಕ್ಕೆ ಕೂರುವ ಮುಂಚೆ ತಲೆಕೂದಲಿನ ಜೊತೆ ಅದೂ ಹೋಗುತ್ತದೆ. ಈಗಿನ ಹುಡುಗರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ಆದರೆ ನಮ್ಮಮ್ಮ ತೂರಿಲ್ಲ. ಮಗನ ಬೋಳು ತುಟಿ ಎಂದರೆ ಅವರಿಗೆ ಒಂದೇ ಅರ್ಥ, ತಮ್ಮ ಹಣೆಯ ಕುಂಕುಮ ಅಳಿಯಿತು ಎಂದು. ಗಂಡನ ಆಯುಸ್ಸಿಗೆಂದು ಹೋಮ ಇಟ್ಟುಕೊಂಡ ವಾರದಲ್ಲೇ ಹಿರಿಯ ಮಗ ಹೀಗೆ ಎದುರಿಗೆ ನಿಂತರೆ ಏನಾದೀತು? ಶಕುನ ಗಿಕುನ ನಾನು ನಂಬುವವನಲ್ಲ. ಆದರೂ ಬೇಸಿನ್ನಿನ ಕೂದಲಿಗೆ ಬೇಗ ಬೇಗ ನೀರು ಬಿಟ್ಟೆ.

ಕೊರೋನಾ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡೆ. ನೆಗಡಿ ಎಂದೆ. ಆಗಾಗ ಕೆಮ್ಮಿದೆ. ಊಟ ರೂಮಿಗೇ ತರಿಸಿಕೊಂಡೆ. ಅಮ್ಮ ಪಾಪ, ಎರಡು ಹೊತ್ತು ಮೆಣಸಿನ ಸಾರು ಮಾಡಿ ಕಳಿಸಿದರು. ಹೆಂಡತಿ ಕಾಡಿಗೆ ಪೆನ್ಸಿಲಿನಲ್ಲಿ ಒಂದು ಮೀಸೆ ಬರೆದು ನೋಡಿದಳು. ಸ್ಕೂಲ್ ಡೇ ನಾಟಕದ ಪೊಲೀಸನಂತೆ ಕಂಡೆ. ಅವಳು ನಕ್ಕು ನಕ್ಕು ಮಂಚದ ಮೇಲೆ ಬಿದ್ದಳು.

ಮಂಗಳವಾರ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುತ್ತ, ಉಸಿರಾಡೋಣವೆಂದು ಮಾಸ್ಕ್ ಕೆಳಗಿಳಿಸಿದೆ. ಪಕ್ಕದ ತಾರಸಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ನನ್ನನ್ನು ನೋಡಿದರು. ಪೈಪು ಕೈಬಿಟ್ಟು, ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿದರು. ಇದೇನು ಇಷ್ಟು ಭಕ್ತಿ ಎಂದುಕೊಂಡು ನಾನೂ ಕೈ ಮುಗಿದೆ. ಎರಡು ದಿನದ ಸಂಕಟ ಮುಖದಲ್ಲಿ ಇದ್ದೇ ಇತ್ತು. ಅವರಿಗೆ ಅಷ್ಟು ಸಾಕಾಯಿತು.

ಗಂಟೆ ಕಳೆಯುವುದರೊಳಗೆ ಗಾಂಧಿ ಬಜಾರಿನಿಂದ ದೊಡ್ಡ ಹೂವಿನ ಹಾರ ತಂದು, ಹೆಂಡತಿಯ ಜೊತೆ ಬಂದು ಬೆಲ್ ಮಾಡಿದರು. ಬಾಗಿಲು ತೆಗೆದದ್ದು ಅಪ್ಪ. ಅಷ್ಟು ಹೊತ್ತೂ ತಾರಸಿಯಲ್ಲೇ ಕೂತಿದ್ದ ನಾನು ಮೆಟ್ಟಿಲಿಳಿಯುತ್ತಿದ್ದೆ, ಮಾಸ್ಕ್ ಇನ್ನೂ ಗದ್ದದ ಕೆಳಗೇ ಇತ್ತು.

"ಬನ್ನಿ ಬನ್ನಿ. ಗುರುವಾರ ಅಂತ ಹೇಳಿದ್ವಿ, ಇವತ್ತೇ ಬಂದ್ಬಿಟ್ರಲ್ಲ!"

ಮ್ಯಾನೇಜರ ಮುಖ ಬೆಳ್ಳಗಾಯಿತು. "ಸಾರ್... ನೀವು ಇದೀರಾ?"

"ಇದೀನಿ. ಯಾಕೆ, ಯಾರಾದ್ರೂ ಇಲ್ಲ ಅಂದ್ರಾ?"

"ಇಲ್ಲ ಸಾರ್, ನಿಮ್ಮ ಮಗನ ಮೀಸೆ ನೋಡಿ..." ಎಂದು ಅವರು ನನ್ನ ಕಡೆ ಕೈ ತೋರಿಸಿದರು.

ಅಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಬಂದರು. ನನ್ನ ತುಟಿ ನೋಡಿದರು, ಹಾರ ನೋಡಿದರು, ಅಪ್ಪನನ್ನು ನೋಡಿದರು. ಒಳಗೆ ಹೋಗಿ ಗ್ಯಾಸ್ ಆರಿಸಿ, ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಪ್ಪ ಮಾತ್ರ ಹಾರದ ಕವರಿಗೆ ಕೈ ಚಾಚಿದರು. "ನನಗೇ ತಂದಿದ್ದು ತಾನೇ? ಕೊಡಿ. ಫ್ರಿಜ್ಜಲ್ಲಿಟ್ರೆ ಗುರುವಾರಕ್ಕಾಗತ್ತೆ." ಮ್ಯಾನೇಜರ ದಂಪತಿ ಕಾಫಿಗೂ ನಿಲ್ಲದೆ ಹೋದರು.

ಆಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು, ನಡೆದದ್ದನ್ನೆಲ್ಲ ಕೇಳಿಸಿಕೊಂಡು, ನಡುಗುವ ಬೆರಳುಗಳ ಹಿಂಭಾಗವನ್ನು ನನ್ನ ಮೇಲ್ದುಟಿಯ ಮೇಲೆ ಎಳೆದರು. "ಜಾರತ್ತೆ ಕಣೋ," ಎಂದರು ಬೆರಗಿನಿಂದ. ಮತ್ತೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

"ತಾನು ಹೋದ್ಮೇಲೆ ಮಗ ಹೆಂಗ್ ಕಾಣ್ತಾನೆ ಅಂತ ಯಾವ ಅಪ್ಪನಿಗೂ ನೋಡಕ್ಕಾಗಲ್ಲ. ನಾನು ನೋಡ್ಬಿಟ್ಟೆ. ಅಂಥಾ ಚೆನ್ನಾಗೇನಿಲ್ಲ ಬಿಡು."

ನನಗೆ ಅಳು ಬಂತು. ಅದನ್ನು ಕೆಮ್ಮಾಗಿ ದಾಟಿಸಿದೆ. ಎರಡು ದಿನದ ಅಭ್ಯಾಸ ಉಪಯೋಗಕ್ಕೆ ಬಂತು.

ಅಮ್ಮ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಮೆಣಸಿನ ಸಾರೂ ನಿಂತಿತು.

ಬುಧವಾರ ಬೆಳಿಗ್ಗೆ ಅಪ್ಪನನ್ನು ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿ, ಕೊರಳಿಗೆ ಟವೆಲು ಸುತ್ತಿದೆ. ಕತ್ತಿಯನ್ನು ಪಟ್ಟಿಗೆ ತಿಕ್ಕಿದೆ. ಸದ್ದು ಕೇಳಿ ಅಪ್ಪ ಕಣ್ಣು ಮುಚ್ಚಿಕೊಂಡು, "ಕೆನ್ನೆ ಆದ್ಮೇಲೆ ಮೀಸೆನೂ ತೆಗಿ" ಎಂದರು.

"ಅಪ್ಪಾ, ಅಮ್ಮ ನನ್ನ ಕೊಂದೇ ಬಿಡ್ತಾರೆ."

"ನಮ್ಮಪ್ಪ ಹೋಗಿ ನಲವತ್ತು ವರ್ಷ ಆಯ್ತು. ನನ್ನ ಮೀಸೆಗೆ ಯಾರ ಪರ್ಮಿಶನ್ನೂ ಬೇಡ. ನಾಳೆ ಬಂದೋರೆಲ್ಲ ನಿನ್ನೊಬ್ಬನ್ನೇ ಯಾಕ್ ನೋಡ್ಬೇಕು? ಇಬ್ರೂ ಬೋಳಾಗಿ ಕೂತ್ರೆ, ಸತ್ತೋರು ಯಾರು ಅಂತ ಅವರೇ ತಲೆ ಕೆಡಿಸ್ಕೊಳ್ಳಲಿ."

ಸಡಿಲವಾದ ಚರ್ಮವನ್ನು ಎಡಗೈಯಲ್ಲಿ ಎಳೆದು ಹಿಡಿದೆ. ಗಂಟಲ ಪಕ್ಕ ನಾಡಿ ಮೆಲ್ಲಗೆ ಎದ್ದು ಬೀಳುತ್ತಿತ್ತು. ಮೂವತ್ತು ಡಿಗ್ರಿ ಮರೆತೇಹೋಯಿತು, ಭಯವೊಂದೇ ಉಳಿಯಿತು. ಎರಡು ಸಲ ನೊರೆ ಹಚ್ಚಿ, ಎರಡು ಸಲ ಕತ್ತಿ ಆಡಿಸಿ, ಕೊನೆಗೆ ಮೀಸೆಗೆ ಬಂದೆ. ಬಿಳಿ ಕೂದಲು ಟವೆಲಿನ ಮೇಲೆ ಉದುರಿತು. ಒರೆಸಿ ನೋಡಿದರೆ, ಮೂರು ದಿನದಿಂದ ಕನ್ನಡಿಯಲ್ಲಿ ನಾನು ನೋಡುತ್ತಿದ್ದ ಮುಖವೇ ಇನ್ನಷ್ಟು ಮುದಿಯಾಗಿ ಕುರ್ಚಿಯಲ್ಲಿ ಕೂತಿತ್ತು.

ಅಮ್ಮ ಕಾಫಿ ಹಿಡಿದು ಹಿತ್ತಲ ಬಾಗಿಲಿಗೆ ಬಂದವರು ಹಾಗೇ ನಿಂತರು. ನಾನು ಕತ್ತಿ ಮಡಚಿದೆ.

"ಥೂ, ಇಬ್ರೂ ಸುಲಿದ ಆಲೂಗಡ್ಡೆ ಥರ ಇದೀರ," ಎಂದರು. ಒಂದು ಇಡೀ ದಿನದ ನಂತರ ಅಮ್ಮನ ಮೊದಲ ಮಾತು ಅದು.

ಲೋಟವನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡರು. ಕೈ ಮಗುಚಿ, ಬೆರಳುಗಳ ಹಿಂಭಾಗವನ್ನು ಅಪ್ಪನ ದವಡೆಯಿಂದ ಕಿವಿಯ ತನಕ ನಿಧಾನವಾಗಿ ಎಳೆದರು. ಅಮ್ಮ ಅಪ್ಪನ ಮುಖ ಮುಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಪ್ಪ ರಿಸಲ್ಟಿಗೆ ಕಾಯುವ ಹುಡುಗನ ಹಾಗೆ ಕಣ್ಣು ಮುಚ್ಚಿಕೊಂಡೇ ಇದ್ದರು.

"ಜಾರತ್ತೆ," ಎಂದರು ಅಮ್ಮ.

ಆದರೆ ಕೈ ತೆಗೆಯಲಿಲ್ಲ. ನಾನು ಬ್ರಷ್ಷು ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದೆ.