ಎದೆಗೆ ಕಟ್ಟಿದ ಮಲ್ಲಿಗೆ

ಬಜಗೋಳಿಯಿಂದ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಬಾಣಂತಿಗೆಂದು ಮೆಂತೆ ಉಂಡೆ. ನಾಲ್ಕು ತಿಂಗಳ ಮೊಮ್ಮಗಳ ತೂಕ ಏರುತ್ತಿಲ್ಲ ಎಂದು ಮಗಳು ಸುಜಾತ ಫೋನಿನಲ್ಲಿ ಅತ್ತಿದ್ದಳು. ಅತ್ತರೆ ತೂಕ ಏರುತ್ತದಾ? ಕಾರ್ಕಳದಲ್ಲಿ ಬಸ್ಸು ಬದಲಿಸಿ, ಶಿರ್ವ ದಾಟುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು.

ಶಂಕರಪುರದಲ್ಲಿ ಅವಳ ಗಂಡನ ಮನೆ. ಜಗಲಿಯಲ್ಲಿ ಹೆಂಗಸರು ತಲೆಯೆತ್ತದೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ವ್ಯಾಪಾರಿ ಬರುವ ಮೊದಲು ಮುಗಿಯಬೇಕು. ಸುಜಾತನೂ ಅವರ ನಡುವೆ ಕೂತಿದ್ದಳು. ಒಳಗೆ ತೊಟ್ಟಿಲಲ್ಲಿ ಮಗು ಕಿರುಚುತ್ತಿತ್ತು, ಒಬ್ಬರೂ ಏಳಲಿಲ್ಲ. ನಾನೇ ಎತ್ತಿಕೊಂಡೆ. ತೊಡೆಯ ಚರ್ಮ ಸುಕ್ಕು. ಪಕ್ಕದ ಬಾಟ್ಲಿಯಲ್ಲಿ ನೀರಿನಂಥ ದನದ ಹಾಲು.

"ಎದೆಹಾಲು ಎಲ್ಲಿ?"

"ಬತ್ತಿತು ಅಮ್ಮ," ಎಂದಳು ಸುಜಾತ, ಕೈ ನಿಲ್ಲಿಸದೆ.

ಅವಳ ತಲೆಯಲ್ಲಿ ಒಂದೂ ಹೂವಿಲ್ಲ, ಮೈಯಿಂದ ಮಾತ್ರ ಬಾಡಿದ ಮಲ್ಲಿಗೆಯ ವಾಸನೆ. ಒಳಗೆ ಕರೆದು ಸೆರಗು ಸರಿಸಿ ನೋಡಿದೆ. ಎರಡೂ ಎದೆಗೆ ಮಲ್ಲಿಗೆ ಇಟ್ಟು ಬಟ್ಟೆ ಬಿಗಿದಿದ್ದರು. ಹಾಲು ಬತ್ತಲಿ ಎಂದು ನಮ್ಮ ಕಡೆ ಇದನ್ನು ಮಗು ಸತ್ತ ತಾಯಿಗೆ ಕಟ್ಟುತ್ತಾರೆ. ಇಲ್ಲಿ ಮಗು ನನ್ನ ತೋಳಲ್ಲಿ ಜೀವಂತ ಇತ್ತು!

ಸುಜಾತನ ಅತ್ತೆ ಹೇಳಿದರು: "ಎಂತ ಮಾಡುವುದು ಅಕ್ಕ? ಗಳಿಗೆಗೊಮ್ಮೆ ಹಾಲು ಕೊಡಲು ಎದ್ದರೆ ಹೂ ಕಾಯುತ್ತದಾ? ದನದ ಹಾಲು ಕುಡಿದೇ ನನ್ನ ಮಗ ದುಬೈಗೆ ಹೋದದ್ದು."

"ದುಬೈ ಇರಲಿ, ಇವಳ ಕುತ್ತಿಗೆ ನಿಲ್ಲಲಿ ಮೊದಲು."

ನೆರೆಮನೆಯವಳು ನಕ್ಕಳು: "ಹೆಣ್ಣಲ್ವಾ, ಸಪುರ ಇದ್ದರೇ ಚಂದ."

"ಹಾಗಾದರೆ ನಿನ್ನ ಮಲ್ಲಿಗೆ ಗಿಡಕ್ಕೂ ನೀರು ಬಿಡಬೇಡ ಮಾರಾಯ್ತಿ, ಅದೂ ಸಪುರ ಆಗಲಿ," ಎಂದೆ.

ತಾಯಿ, ಮಗು ಇಬ್ಬರನ್ನೂ ಹೊರಡಿಸಿದೆ. ಕಟಪಾಡಿ, ಉಡುಪಿ, ಅಲ್ಲಿಂದ ಮಣಿಪಾಲ. ಆಸ್ಪತ್ರೆಯ ಸಾಲಿನಲ್ಲಿ ಮಧ್ಯಾಹ್ನ ಕಳೆಯಿತು. ಡಾಕ್ಟರು ಚಿಕ್ಕ ಹುಡುಗಿ. ಮಗುವನ್ನು ತೂಗಿ, ತಿರುಗಿಸಿ ನೋಡಿ, "ಕಾಯಿಲೆ ಎಂತದೂ ಕಾಣುವುದಿಲ್ಲ ಅಜ್ಜಿ. ಹೊಟ್ಟೆಗೆ ಸಾಲುತ್ತಿಲ್ಲ," ಎಂದಳು. ಎದೆಗೆ ಹಚ್ಚುತ್ತಲೇ ಇದ್ದರೆ ಹಾಲು ಮರಳಬಹುದು, ಅಲ್ಲಿಯವರೆಗೆ ಹೇಳಿದ ಅಳತೆಯಲ್ಲಿ ಡಬ್ಬಿ ಹಾಲು, ವಾರ ಬಿಟ್ಟು ಮಗುವನ್ನು ಮತ್ತೆ ತನ್ನಿ ಎಂದಳು. ಕಡೆಗೆ, "ತಾಯಿಗೆ ವಿಶ್ರಾಂತಿ ಬೇಕು." ಸರಿ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ? ಮಗುವನ್ನು ತೂಗುವ ಯಂತ್ರ ಉಂಟು. ಆ ಮನೆಯವರನ್ನು ಕೂರಿಸಿ ತೂಗುವ ಯಂತ್ರ ಇದ್ದಿದ್ದರೆ ಮುಳ್ಳು ಅಲ್ಲಾಡುತ್ತಿರಲಿಲ್ಲ.

ಶಂಕರಪುರಕ್ಕೆ ಮರಳಲಿಲ್ಲ. ಕಾರ್ಕಳದ ಬಸ್ಸು ಹತ್ತಿದೆವು.

"ನಾಳೆ ಹೂ ಯಾರು ಕಟ್ಟುವುದು ಅಮ್ಮ? ಅತ್ತೆ ಬೈಯುತ್ತಾರೆ."

"ಬೈಯುವಾಗ ಅವರ ಕೈ ಖಾಲಿ ಇರುತ್ತದಲ್ಲ, ಕಟ್ಟಲಿ."

ಕಾರ್ಕಳದಲ್ಲಿ ಬಜಗೋಳಿಯ ಬಸ್ಸಿಗೆ ಬದಲಿಸಿ ಕೂತಾಗ ಒಬ್ಬ ಕಿಟಕಿಗೇ ಬುಟ್ಟಿ ಹಿಡಿದ. "ಶಂಕರಪುರ ಮಲ್ಲಿಗೆ ಅಮ್ಮಾ, ಈಗ ಬಂದದ್ದು." ಮದುವೆಯಾದಂದಿನಿಂದ ನಾನು ಮುಡಿದ ಹೂವು. ಕಿಟಕಿ ಎಳೆದು ಹಾಕಿದೆ.

ಸೆರಗಿನೊಳಗೆ ಮಗು ಹೀರಿತು, ಸಿಗದೆ ಅತ್ತಿತು, ಮತ್ತೆ ಬಾಯಿ ಹಾಕಿತು. ಸುಜಾತನ ಬೆರಳುಗಳು ಮಗುವಿನ ಅಂಗಿಯ ಅಂಚಿನಲ್ಲಿ ಇಲ್ಲದ ಹೂವಿಗೆ ಗಂಟು ಹಾಕುತ್ತಲೇ ಇದ್ದವು. ಆ ಕೈ ಹಿಡಿದು ನಿಲ್ಲಿಸಿ, ಅದರಲ್ಲಿ ಬೆಳಗ್ಗೆ ತಂದ ಮೆಂತೆ ಉಂಡೆ ಇಟ್ಟೆ.

"ತಿನ್ನು," ಎಂದೆ. ಬಜಗೋಳಿಯಲ್ಲಿ ಇಳಿಯುವವರೆಗೂ ಮಗುವನ್ನು ಹಿಡಿದ ಅವಳ ಇನ್ನೊಂದು ಕೈಯನ್ನು ನಾನು ಬಿಡಲಿಲ್ಲ.