ಆ ದಿನದ ಹಾಜರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಮಾವ್ಶಿಯ ಶಾಲೆಗೆ ಹೋದದ್ದು ಮಂಗಳವಾರವೋ ಬುಧವಾರವೋ, ಬೆಂಚುಗಳಿಗೆ ಆಗಲೇ ಹಸಿರು ಬಣ್ಣ ಬಳಿದಿತ್ತೋ ಅಥವಾ ಅದು ಆಮೇಲಿನದೋ, ಈಗ ಖಚಿತವಾಗಿ ಹೇಳಲಾರೆ. ಡೈರಿ ಬರೆಯುವ ಅಭ್ಯಾಸವಿದೆ, ಆದರೆ ಬೇಕಾದ ದಿನಗಳಲ್ಲೇ ಅದು ಕೈಕೊಡುತ್ತದೆ. ಆ ದಿನದ ಪುಟದಲ್ಲಿರುವುದು ಇಷ್ಟೇ: ‘ಕಾವೂರು ಮುಗಿಯಿತು. ಮಾವ್ಶಿಯ ಮನೆಯಲ್ಲಿ ಊಟ. ಬಂಗುಡೆ.’ ಮೀನಿನ ಹೆಸರು ಬರೆದಿಟ್ಟವಳು ಮಕ್ಕಳ ಬಗ್ಗೆ ಒಂದು ಸಾಲೂ ಬರೆದಿಲ್ಲ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ನನಗೆ ಅನುಕೂಲವಾಗುವಂತೆ ಏನಾದರೂ ಬದಲಾಯಿಸಿದ್ದೇನೆಯೇ ಎಂಬ ಸಂಶಯವೂ ಇದೆ.

ಮಾವ್ಶಿ ಎಂದರೆ ಅಮ್ಮನ ಅಕ್ಕ. ಕಾವೂರಿನ ಕೆರೆಯಿಂದ ಸ್ವಲ್ಪ ಆಚೆಗಿದ್ದ ಅನುದಾನಿತ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿ, ಅಲ್ಲೇ ಹೆಡ್‌ಮಿಸ್ ಆದವರು. ಸುತ್ತಲಿನ ಮನೆಗಳ ಮಕ್ಕಳು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗತೊಡಗಿ ಬಹಳ ಕಾಲವಾಗಿತ್ತು. ಉಳಿದವರು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಏರ್‌ಪೋರ್ಟ್ ರಸ್ತೆಯಲ್ಲಿ ಅಪ್ಪ ಅಮ್ಮ ಫ್ಲ್ಯಾಟ್ ಕಟ್ಟುತ್ತಿದ್ದರೆ ಇವರು ಮಾವ್ಶಿಯ ಎದುರು ಕೂತು ಕಾಗುಣಿತ ಬರೆಯುತ್ತಿದ್ದರು. ನಿವೃತ್ತರಾದ ಟೀಚರುಗಳ ಜಾಗಕ್ಕೆ ಸರಕಾರ ಯಾರನ್ನೂ ಕೊಟ್ಟಿರಲಿಲ್ಲ. ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಹತ್ತಿರದ ಶಾಲೆಗೆ ಸೇರಿಸುತ್ತಾರಂತೆ ಎಂಬ ಮಾತು ಆಗಾಗ ಏಳುತ್ತಿತ್ತು, ಅಡಗುತ್ತಿತ್ತು. ಪ್ರತಿ ಸಲ ಎದ್ದಾಗಲೂ ಮಾವ್ಶಿಗೆ ಒಂದು ವಾರ ನಿದ್ದೆಯಿಲ್ಲ. ಅವರ ನಿವೃತ್ತಿಗೆ ಹೆಚ್ಚು ವರ್ಷಗಳಿರಲಿಲ್ಲ. ಅಲ್ಲಿಯವರೆಗೂ ಆ ಬಾಗಿಲು ತೆರೆದಿರಬೇಕು, ತಾನು ಹೋಗುವಾಗ ಬೀಗದ ಕೈಯನ್ನು ಇನ್ನೊಬ್ಬ ಟೀಚರಿಗೆ ಕೊಡಬೇಕು ಎಂಬುದು ಅವರ ಒಂದೇ ಆಸೆ.

ನಾನು ಆಗ ಕೊಟ್ಟಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದೆ. ಹೆದ್ದಾರಿಯ ಸದ್ದಿಗೆ ಕಿಟಕಿ ತೆರೆಯಲಾಗದ ಮೂರನೇ ಮಹಡಿ. ಸರಕಾರದ ನೀತಿಗಳು ಜನಸಾಮಾನ್ಯರಿಗೆ ಅರ್ಥವಾಗಬೇಕು, ಅದಕ್ಕೆ ಸಂಶೋಧಕರೂ ಪತ್ರಕರ್ತರೂ ಕೈಜೋಡಿಸಬೇಕು ಎಂದು ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ಬರೆದಿತ್ತು. ನಾನು ಅದನ್ನು ನಂಬಿದ್ದೆ. ನಂಬಿದ್ದೆ ಎಂಬುದು ಮಾತ್ರ ಸರಿಯಾದ ನೆನಪು. ಶಾಲೆಗಳ ವಿಲೀನದ ಮಾತು ಮತ್ತೆ ಎದ್ದಾಗ ನಮ್ಮ ಸಂಸ್ಥೆ ನಗರದ ಸುತ್ತಮುತ್ತಲಿನ ಹಲವು ಅನುದಾನಿತ ಶಾಲೆಗಳ ಸರ್ವೆ ಮಾಡಿತು. ಪಟ್ಟಿಯಲ್ಲಿ ಮಾವ್ಶಿಯ ಶಾಲೆಯೂ ಇತ್ತು. ಅದು ನನ್ನ ಪಾಲಿಗೆ ಬಂತು. ನಾನೇ ಕೇಳಿ ಪಡೆದೆನೋ ಏನೋ.

ನಾನು ಹೋದಾಗ ತರಗತಿಯಲ್ಲಿ ಎರಡು ಬೆಂಚು ಸಹ ಪೂರ್ತಿ ತುಂಬಿರಲಿಲ್ಲ.

“ಬಂದ್ರು ನೋಡಿ ಇನ್‌ಸ್ಪೆಕ್ಟರ್ ಮೇಡಂ” ಎಂದು ಮಾವ್ಶಿ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದರು. “ನಮಸ್ತೇ ಹೇಳಿ. ಗಟ್ಟಿ ಹೇಳಿ, ಅವರಿಗೆ ಡೆಲ್ಲಿಗೆ ಬರೀಲಿಕ್ಕುಂಟು.”

“ಮಾವ್ಶಿ, ಮಕ್ಕಳೆಲ್ಲಿ?”

“ಪಂಚಮಿಗೆ ಊರಿಗೆ ಹೋಗಿದ್ದಾರೆ. ಅವರ ಕಡೆ ನಾಗರ ಪಂಚಮಿ ಅಂದ್ರೆ ನಮ್ಮ ಕ್ರಿಸ್ಮಸ್ ಇದ್ದ ಹಾಗೆ. ಉಂಡೆ ತಿಂದು, ಜೋಕಾಲಿ ಆಡಿ, ಬರ್ಲಿಕ್ಕೆ ಒಂದು ವಾರ ಬೇಕು.”

“ಹಾಗಾದ್ರೆ ಮುಂದಿನ ವಾರ ಬರ್ಲಾ?”

“ಎಂತಕ್ಕೆ? ರಿಜಿಸ್ಟರ್ ಉಂಟು, ನೋಡು. ಇದ್ದದ್ದನ್ನು ಇದ್ದ ಹಾಗೆ ಬರಿ ಪುತಾ. ನೀನೆಂತ ಹೊರಗಿನವಳಾ?”

ಮುಂದಿನ ವಾರ ಬರಲೇ ಎಂದು ನಾನು ಕೇಳಿದ್ದೇನೆಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ಅನುಮಾನ. ಮುಂದಿನ ವಾರ ನನಗೆ ಬೇರೆ ಶಾಲೆಗಳ ದಿನಗಳು ನಿಗದಿಯಾಗಿದ್ದವು. ಬಂದೇನೆಂದರೂ ಬರಲಾಗುತ್ತಿರಲಿಲ್ಲ. ಆಮೇಲಿನ ನನ್ನ ಸಮಾಧಾನಕ್ಕಾಗಿ ಆ ಪ್ರಶ್ನೆಯನ್ನು ನಾನೇ ಸೇರಿಸಿಕೊಂಡಿರಬಹುದು. ಮಾವ್ಶಿ ಹೇಳಿದ ಕೊನೆಯ ಮಾತು ಮಾತ್ರ ನಿಜ, ಅದರ ಬಗ್ಗೆ ಸಂಶಯವಿಲ್ಲ.

ನಮ್ಮ ಫಾರ್ಮಿನಲ್ಲಿ ‘ಆ ದಿನದ ಹಾಜರಿ’ ಎಂಬ ಕಾಲಂ ಇತ್ತು. ರಿಜಿಸ್ಟರಿನಲ್ಲಿ ಎಷ್ಟೇ ಹೆಸರಿರಲಿ, ಕಣ್ಣಿಗೆ ಕಂಡ ತಲೆಗಳನ್ನು ಎಣಿಸಿ ಬರೆಯಬೇಕು. ಶಾಲೆಗಳು ರಿಜಿಸ್ಟರಿನಲ್ಲಿ ಸುಳ್ಳು ಹೆಸರು ಇಟ್ಟುಕೊಳ್ಳುತ್ತವೆ ಎಂದು ನಮ್ಮ ಮುಖ್ಯಸ್ಥರಿಗೆ ಗುಮಾನಿ. ನಾನು ತಲೆ ಎಣಿಸಿ ಬರೆದೆ. ಕಾರಣಕ್ಕೆ ಕಾಲಂ ಇರಲಿಲ್ಲವಾದ್ದರಿಂದ ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ‘ಹಬ್ಬ, ಊರಿಗೆ’ ಎಂದು ಸೇರಿಸಿದೆ. ಫಾರ್ಮುಗಳನ್ನು ಕಂಪ್ಯೂಟರಿಗೆ ಹಾಕಿದವರಿಗೆ ಮಾರ್ಜಿನ್ ಬೇಕಿರಲಿಲ್ಲ.

ವರದಿ ಕೆಟ್ಟದಾಗಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಮೊದಲು ಖಾಲಿ ಹುದ್ದೆ ತುಂಬಬೇಕು, ಮಕ್ಕಳಿಗೆ ಬಸ್ಸು ಕೊಡಬೇಕು, ಆಮೇಲೂ ಆಗದಿದ್ದರೆ ಮಾತ್ರ ವಿಲೀನದ ಯೋಚನೆ ಮಾಡಬೇಕು ಎಂದು ಅದರಲ್ಲಿತ್ತು. ಆದರೆ ಅದು ಇಂಗ್ಲಿಷಿನಲ್ಲಿತ್ತು. ಪತ್ರಿಕೆಗಳಿಗೆ ಕೊಡಲು ಕನ್ನಡದಲ್ಲಿ ಎರಡು ಪುಟದ ಸಾರಾಂಶ ಬೇಕಾಯಿತು. ನಮ್ಮಲ್ಲಿ ಚೆನ್ನಾಗಿ ಕನ್ನಡ ಬರೆಯುವವಳು ನಾನೊಬ್ಬಳೇ.

“ಕಣ್ಣಿಗೆ ಕಟ್ಟುವ ಹಾಗೆ ಶುರು ಮಾಡಿ” ಎಂದರು ಮುಖ್ಯಸ್ಥರು. “ಅಂಕಿಸಂಖ್ಯೆ ಯಾರು ಓದ್ತಾರೆ ಮಾರಾಯ್ತಿ? ಒಂದು ಚಿತ್ರ ಕೊಡಿ.”

ಕೊಟ್ಟೆ. ‘ಕಾವೂರು ಸಮೀಪದ ಶಾಲೆಯೊಂದರಲ್ಲಿ ಬೆಳಗಿನ ಹತ್ತೂವರೆಗೂ ಎರಡು ಬೆಂಚು ಸಹ ತುಂಬುವುದಿಲ್ಲ’ ಎಂದು ಶುರು ಮಾಡಿದೆ. ‘ತುಂಬಿರಲಿಲ್ಲ’ ಎಂದು ಬರೆದಿದ್ದರೆ ಅದು ಒಂದು ದಿನದ ಮಾತಾಗುತ್ತಿತ್ತು. ‘ತುಂಬುವುದಿಲ್ಲ’ ಎಂದರೆ ಅದು ಪ್ರತಿದಿನದ ಮಾತು. ಬರೆಯುವಾಗ ನನಗೆ ಇದು ಹೊಳೆಯಲಿಲ್ಲ ಎಂದೇನೂ ಹೇಳಲಾರೆ. ವಾಕ್ಯ ಚೆನ್ನಾಗಿ ಬಂದಿತ್ತು.

ವರದಿಯ ಬಿಡುಗಡೆ ಏಪ್ರಿಲ್‌ನಲ್ಲಿ ಒಂದು ಹೋಟೆಲಿನ ಹಾಲಿನಲ್ಲಿ ಆಯಿತು. ನೀತಿಗೂ ಜನರಿಗೂ ನಡುವಿನ ಸೇತುವೆ ಮಾಧ್ಯಮ ಎಂದು ಒಬ್ಬರು, ಅಲ್ಲ, ಸಂಶೋಧನೆ ಎಂದು ಇನ್ನೊಬ್ಬರು ಭಾಷಣ ಮಾಡಿದರು. ನಾವು ಗೋಳಿಬಜೆ ತಿಂದು ಇಬ್ಬರಿಗೂ ಚಪ್ಪಾಳೆ ಹೊಡೆದೆವು. ಸಂಜೆ ಒಬ್ಬ ವರದಿಗಾರ ಫೋನು ಮಾಡಿದ.

“ಮೇಡಂ, ಆ ಕಾವೂರಿನ ಶಾಲೆ ಯಾವುದು? ಫೋಟೊ ತೆಗೀಲಿಕ್ಕೆ.”

ಹೆಸರು ಹೇಳುವುದಿಲ್ಲ ಎಂದೆ. ಹಬ್ಬದ ವಿಷಯ ಹೇಳಿದೆ. ಹೇಳಿದೆನೆಂದು ನೆನಪು.

“ಅದೆಲ್ಲ ಹಾಕ್ಲಿಕ್ಕೆ ಜಾಗ ಇಲ್ಲ ಮೇಡಂ. ನಾಲ್ಕು ಕಾಲಂ ಸಿಕ್ಕಿದ್ದೇ ದೊಡ್ಡದು.”

ಅಲ್ಲಿನ ಹೆಡ್‌ಮಿಸ್ ನನ್ನ ಮಾವ್ಶಿ ಎಂದು ಅವನಿಗೂ ಹೇಳಲಿಲ್ಲ, ಮುಖ್ಯಸ್ಥರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಕೆಲಸದಲ್ಲಿ ಪಕ್ಷಪಾತ ಹುಡುಕುತ್ತಾರೆಂಬ ಹೆದರಿಕೆ ಇತ್ತು.

ಮರುದಿನ ನನ್ನ ವಾಕ್ಯ ಹಾಗೆಯೇ ಅಚ್ಚಾಗಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಮಕ್ಕಳಿಲ್ಲದ ಶಾಲೆಗಳಿಗೆ ಬೀಗ?’ ಪ್ರಶ್ನಾರ್ಥಕ ಚಿಹ್ನೆ ಇತ್ತೆಂದು ನಮ್ಮ ಸಂಸ್ಥೆ ಆಮೇಲೆ ಬಹಳ ಸಲ ಸಮರ್ಥಿಸಿಕೊಂಡಿತು. ಬಸ್ಸಿನ ಮಾತು, ಖಾಲಿ ಹುದ್ದೆಯ ಮಾತು ಒಳಪುಟದ ಮುಂದುವರಿದ ಭಾಗದಲ್ಲಿದ್ದವು. ಕಾವೂರು ಸಮೀಪ ಅಂಥ ಶಾಲೆ ಎಷ್ಟಿವೆ? ಊರಿನವರಿಗೆ ಹೆಸರು ಬೇಕಾಗಲಿಲ್ಲ.

ಬೇಸಿಗೆ ರಜೆಯ ಸಮಯ ಅದು. ಮುಂದಿನ ವಾರ ಮಾವ್ಶಿಯ ಫೋನು.

“ಟಿಸಿ ಕೇಳ್ಲಿಕ್ಕೆ ಬಂದಿದ್ದಾರೆ. ಬರೆದದ್ದು ನೀನೇ ಅಲ್ವಾ? ನೀನೇ ಬಂದು ಹೇಳು ಅವರಿಗೆ.”

ಹೋದೆ. ಶಾಲೆಯ ಜಗಲಿಯಲ್ಲಿ ಏಳೆಂಟು ಮಂದಿ ತಾಯಂದಿರು ಕೂತಿದ್ದರು. ಸಿಮೆಂಟು ಮೆತ್ತಿದ ಪ್ಯಾಂಟಿನ ಇಬ್ಬರು ಗಂಡಸರು ನಿಂತಿದ್ದರು. ಅವರ ಮೇಸ್ತ್ರಿ ಪೇಪರು ಓದಿ ಹೇಳಿದ್ದನಂತೆ. ನಾನು ವಿವರಿಸತೊಡಗಿದೆ. ಇದು ಸರಕಾರದ ಆದೇಶವಲ್ಲ, ಒಂದು ಅಧ್ಯಯನ. ಅಧ್ಯಯನವೂ ಮುಚ್ಚಿ ಎಂದು ಹೇಳಿಲ್ಲ. ಹುದ್ದೆ ತುಂಬಿ ಎಂದಿದೆ. ಐದು ವರ್ಷ ಓದಿದ್ದು, ಮೂರು ವರ್ಷ ದುಡಿದದ್ದು ಎಲ್ಲ ಈ ಒಂದು ಜಗಲಿಗಾಗಿಯೇ ಎಂಬಂತೆ ಹೇಳಿದೆ. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡಿದ್ದ ಒಬ್ಬಾಕೆ ಕೊನೆತನಕ ಕೇಳಿಸಿಕೊಂಡಳು.

“ನೀವು ಹೇಳೂದು ಖರೇ ಇರಬಹುದ್ರೀ” ಎಂದಳು. “ಆದ್ರ ಪೇಪರ್‌ನ್ಯಾಗ ಬಂದೈತಲ್ರೀ. ಸಾಲಿ ನಡುವರ್ಷ ಬಂದ್ ಆದ್ರ ನಮ್ಮ ಹುಡುಗ್ರನ್ನ ಯಾರ್ ಸೇರಿಸ್ಕೋತಾರ? ಮುಚ್ಚೂದಿಲ್ಲ ಅಂತ ಬರದು ಕೊಡ್ತೀರೇನು?”

ನಾನು ಮಾವ್ಶಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ಬರೆದು ಕೊಡುವ ಅಧಿಕಾರ ನಮ್ಮಿಬ್ಬರಿಗೂ ಇರಲಿಲ್ಲ.

“ಅಕ್ಕೋರ ಮ್ಯಾಲ ಸಿಟ್ಟಿಲ್ರೀ” ಎಂದು ಆಕೆ ಮಾವ್ಶಿಯ ಕೈ ಹಿಡಿದುಕೊಂಡಳು. ಮಾವ್ಶಿ ಒಂದೊಂದಾಗಿ ಟಿಸಿ ಬರೆದರು. ಅವರ ಅಕ್ಷರ ಬಹಳ ದುಂಡಗೆ.

ಜೂನಿನಲ್ಲಿ ಬಾಗಿಲು ತೆರೆದಾಗ ಒಳಗೆ ಬರಲು ಮಕ್ಕಳೇ ಉಳಿದಿರಲಿಲ್ಲ. ವಿಲೀನದ ಆದೇಶ ಅಲ್ಲಿಯವರೆಗೂ ಬಂದಿರಲಿಲ್ಲ. ಆಮೇಲೂ ಬರಲಿಲ್ಲ, ಬೇಕಾಗಲಿಲ್ಲ. ನೀತಿ ಇನ್ನೂ ಚರ್ಚೆಯಲ್ಲಿರುವಾಗಲೇ ಜನರಿಗೆ ಅರ್ಥವಾಗಿಬಿಟ್ಟಿತ್ತು, ಅದನ್ನು ಅರ್ಥ ಮಾಡಿಸಿದವರು ನಾವು. ನಮ್ಮ ಸ್ಪಷ್ಟೀಕರಣ ಪತ್ರಿಕೆಯ ಓದುಗರ ಅಂಕಣದಲ್ಲಿ ಬಂತು, ಅರ್ಧ ಕತ್ತರಿಸಿ. ಮಾವ್ಶಿಯನ್ನು ಕಾಗದದಲ್ಲಿ ‘ಹೆಚ್ಚುವರಿ ಶಿಕ್ಷಕಿ’ ಎಂದು ಕರೆದು ಉಳ್ಳಾಲದ ಕಡೆಯ ಒಂದು ಶಾಲೆಗೆ ಹಾಕಿದರು. ಎರಡು ಬಸ್ಸು. ಬೀಗದ ಕೈಯನ್ನು ಶಾಲೆಯ ಆಡಳಿತ ಮಂಡಳಿಯ ಗುಮಾಸ್ತ ಬಂದು ಪಡೆದು, ರಸೀದಿ ಕೊಟ್ಟು ಹೋದ.

ಮಾವ್ಶಿ ನನ್ನನ್ನು ಬಯ್ಯಲಿಲ್ಲ. ಅಮ್ಮ ಬಯ್ದಳು. ಮಾವ್ಶಿ ಅವಳನ್ನೇ ಗದರಿಸಿದರು. “ಅವಳು ಸುಳ್ಳು ಬರೆದದ್ದಾ? ಇಲ್ಲ ಅಲ್ವಾ? ಮತ್ತೆಂತ ನಿನ್ನ ರಗಳೆ?” ಇದು ನನ್ನ ಪರವಾಗಿ ಆಡಿದ ಮಾತೆಂದೇ ತಿಳಿದು ಒಂದು ವರ್ಷ ನಿರಾಳವಾಗಿದ್ದೆ.

ಆಮೇಲೆ ಒಂದು ದಿನ ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಗುರುತು ಹಿಡಿದರು. ಸರ್ವೆಗೆ ಸೇರಿದ್ದ ಇನ್ನೊಂದು ಶಾಲೆಯ ಟೀಚರ್.

“ನೀವು ತಲೆ ಎಣಿಸ್ಲಿಕ್ಕೆ ಬಂದವರಲ್ವಾ?” ಎಂದು ನಗತೊಡಗಿದರು. “ಅವತ್ತು ನಮ್ಮ ಅವಸ್ಥೆ! ಅಂಗನವಾಡಿಯಿಂದ ಅರ್ಧ ಮಕ್ಕಳು, ಪಕ್ಕದ ಇಂಗ್ಲಿಷ್ ಮೀಡಿಯಂನಿಂದ ಅರ್ಧ. ಅವರ ಟೈ ತೆಗ್ಸಿ ಕೂರಿಸಿದ್ದು. ಒಬ್ಬ ನಿಮಗೆ ಗುಡ್ ಮಾರ್ನಿಂಗ್ ಮಿಸ್ ಅಂದೇಬಿಟ್ಟ, ನನ್ನ ಜೀವ ಹೋಯ್ತು ಮಾರಾಯ್ರೆ. ನಿಮಗೆ ಗೊತ್ತಾಗ್ಲೇ ಇಲ್ವಾ?”

“ಎಲ್ಲ ಶಾಲೆಯಲ್ಲೂ ಹಾಗೆಯಾ?” ಎಂದು ಕೇಳಿದೆ.

“ಮತ್ತೆಂತ? ಇನ್‌ಸ್ಪೆಕ್ಷನ್ ಅಂದ್ರೆ ಬೆಂಚು ತುಂಬಿಸೋದು. ನಮ್ಮ ಹಿಂದಿನವರ ಕಾಲದಿಂದ್ಲೂ ಉಂಟು. ಯಾರು ಬಂದ್ರೂ ನಮಗೆ ಇನ್‌ಸ್ಪೆಕ್ಷನ್ನೇ.”

ಅವರ ಶಾಲೆ ಈಗಲೂ ನಡೆಯುತ್ತಿದೆ. ನಮ್ಮ ವರದಿಯ ಕೋಷ್ಟಕದಲ್ಲಿ ಅದು ಮೇಲಿನ ಸಾಲಿನಲ್ಲಿದೆ. ನಾನು ಎಣಿಸಿದ್ದು ಸರಿಯಾಗಿಯೇ ಇತ್ತು. ಆ ಮಕ್ಕಳು ಯಾರೆಂದು ಕೇಳುವ ಕೆಲಸ ನನ್ನದಾಗಿರಲಿಲ್ಲ.

ಆ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮಾವ್ಶಿಯ ಮನೆಗೆ ಹೋದೆ. ಅವರು ಅಡುಗೆಮನೆಯಲ್ಲಿ ಸಣ್ಣದಾಗಿ ಅಲಸಂಡೆ ಮುರಿಯುತ್ತಿದ್ದರು. ಬಸ್ಸಿನ ಟೀಚರ್ ಹೇಳಿದ್ದನ್ನೆಲ್ಲ ಹೇಳಿದೆ. ಮಾವ್ಶಿಗೆ ಆಶ್ಚರ್ಯವಾಗಲಿಲ್ಲ.

“ಅವಳಾ? ಅವಳು ಟ್ರೈನಿಂಗಿನಲ್ಲಿ ನನ್ನ ಜೂನಿಯರ್. ಭಾರೀ ಚುರುಕು” ಎಂದು ನಕ್ಕರು. “ಒಮ್ಮೆ ಆಫೀಸರು ಬರುವಾಗ ಅವಳಿಗೆ ನಾನೇ ನಾಲ್ಕು ಮಕ್ಕಳನ್ನು ಕೊಟ್ಟು ಕಳಿಸಿದ್ದೆ.”

ಅಂದರೆ ಮಾವ್ಶಿಗೂ ಆ ವಿದ್ಯೆ ಗೊತ್ತಿತ್ತು. ಕೆರೆಯ ಪಕ್ಕದಲ್ಲೇ ಅಂಗನವಾಡಿ. ಹತ್ತು ನಿಮಿಷದ ಕೆಲಸ. ನಾನು ಬರುವ ದಿನವೂ ಅವರಿಗೆ ಮೊದಲೇ ತಿಳಿದಿತ್ತು, ಊಟಕ್ಕೆ ಮೀನು ತರಿಸಿಟ್ಟಿದ್ದರಲ್ಲ.

ಕೇಳಬಾರದೆಂದುಕೊಂಡೇ ಕೇಳಿದೆ. ಮಾವ್ಶಿ ಅಲಸಂಡೆಯ ತಟ್ಟೆ ಎತ್ತಿಕೊಂಡು ನಳ್ಳಿಯ ಕಡೆ ಹೋದರು. ನೀರಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ನಳ್ಳಿ ನಿಂತ ಮೇಲೆ ಇನ್ನೊಮ್ಮೆ ಕೇಳಿದೆ. ಅದಾಗಿ ಎಷ್ಟೋ ಭಾನುವಾರ ಅದೇ ಮೇಜಿನಲ್ಲಿ ಊಟ ಮಾಡಿದ್ದೇವೆ. ಇವತ್ತಿನವರೆಗೂ ಅವರು ಉತ್ತರ ಕೊಟ್ಟಿಲ್ಲ.

“ಅವತ್ತು ನಾನಲ್ಲದೆ ಬೇರೆ ಯಾರಾದ್ರೂ ಬರ್ತಿದ್ರೆ ನೀವೂ ಬೆಂಚು ತುಂಬಿಸ್ತಿದ್ರಾ, ಮಾವ್ಶಿ?”