ಖಾಯ್ ಕಟ್ಟಿದ ನೆತ್ತರ ಬಟ್ಟಲು

ಕೆಂಪುನದಿ ಬಯಲಿನ ನಮ್ಮ ಹಳ್ಳಿಯಲ್ಲಿ ಹಿರಿಯರ ತಿಥಿ ಬಂತೆಂದರೆ ಮೊದಲ ಕರೆ ಖಾಯ್‌ಗೆ. ಹಂದಿ ಕೊಯ್ಯುವವರು ಬೇರೆಯೂ ಇದ್ದರು. ಹಸಿ ನೆತ್ತರನ್ನು ಬಟ್ಟಲಲ್ಲಿ ಹೆಪ್ಪುಗಟ್ಟಿಸುವ ಕೈ ಮಾತ್ರ ಅವನೊಬ್ಬನದು. ನೆತ್ತರಿಗೆ ಬೆರೆಸುವ ಮೀನಿನ ಉಪ್ಪುನೀರಿನ ಹದವನ್ನು ನಾಲಿಗೆಯಲ್ಲೇ ತೂಗುತ್ತಿದ್ದ. ಅವನು ಕಟ್ಟಿದ ಬಟ್ಟಲನ್ನು ಬೋರಲು ಹಿಡಿದರೂ ನೆತ್ತರು ಕದಲುತ್ತಿರಲಿಲ್ಲ. ಮೇಲೆ ಹುರಿದ ಶೇಂಗಾ, ಪುದೀನ, ನಿಂಬೆ; ಬೇಯಿಸದೆ ಹಾಗೇ ತಿನ್ನುವುದು. ಜೊತೆಗೆ ಅಕ್ಕಿ ಸಾರಾಯಿ.

ತನ್ನ ಅಪ್ಪನ ತಿಥಿಗೆ ಅವನು ಮನೆಯ ಹಂದಿಯನ್ನೇ ಕೊಯ್ಯಲು ಹೊರಟ. ಅದು ಹಿಂದಿನ ದಿನದಿಂದ ಮೇವು ಮೂಸಿರಲಿಲ್ಲ. ಕಿವಿಯಂಚು ನೇರಳೆಗೆ ತಿರುಗಿತ್ತು. ಪಕ್ಕದ ಮನೆಯವನಾದ ನಾನು ಹಗ್ಗ ಹಿಡಿದಿದ್ದೆ.

“ಯಾಕೋ ಸಪ್ಪಗಿದೆಯಲ್ಲೋ,” ಅಂದೆ.

“ಸಾಯೋಕೆ ಹೊರಟಿದ್ದು ಕುಣೀತದಾ? ಸಂತೆ ಹಂದಿ ಅಲ್ಲ ಕಣೋ, ನನ್ ಹೆಂಡ್ತಿ ಗಂಜಿ ಹುಯ್ದು ಬೆಳೆಸಿದ್ದು. ನಮ್ಮನೇದು ನಮಗೇ ವಿಷ ಆಯ್ತದಾ?”

ಊರೆಲ್ಲ ನಂಬಿದ್ದೂ ಅದನ್ನೇ. ಖಾಯ್‌ನ ಕುಡುಕ ತಮ್ಮ ಬಾಂಗ್ ಎರಡು ಬಟ್ಟಲು ನೆತ್ತರು ಖಾಲಿ ಮಾಡಿದ.

ಮಾರನೆಯ ದಿನ ಬಾಂಗ್ ಗಡಗಡ ನಡುಗುತ್ತ ಚಾಪೆ ಹಿಡಿದ. ತಲೆ ಸಿಡಿಯುತ್ತಿತ್ತು. ಖಾಯ್‌ನ ಹೆಂಡತಿ ಮುಯಿ ಅವನ ಬೆನ್ನಿಗೆ ಎಣ್ಣೆ ಸವರಿ ಮೈ ಹೊಕ್ಕ ಕೆಟ್ಟ ಗಾಳಿ ಬಿಡಿಸಲು ಬೆಳ್ಳಿ ನಾಣ್ಯದಿಂದ ಗೀರತೊಡಗಿದಳು. ಕೆಂಪು ಬರೆಗಳೆದ್ದವು.

“ನೋಡು, ಎಷ್ಟು ಗಾಳಿ ಹೊಕ್ಕದೆ. ಕುಡಿದು ಅಂಗಳದಲ್ಲಿ ಮಲ್ಕೋ ಅಂದವರ್ಯಾರು?”

“ಮೆತ್ತಗೆ ಅತ್ತಿಗೆ. ತಿಥಿ ಅಪ್ಪಂದು, ನಂದಲ್ಲ. ಕತ್ತು ಬಗ್ಗಿಸೋಕೇ ಆಗ್ತಿಲ್ಲ.”

ಗಂಜಿ ತಂದ ಖಾಯ್ ತಮ್ಮನನ್ನು ಅಂಗಾತ ಹೊರಳಿಸಿದ. ತೋಳಿನ ಮೇಲೆ ನೇರಳೆ ಚುಕ್ಕೆಗಳು. ಕಿವಿಯಂಚಿನಲ್ಲೂ.

“ಮುಯೀ, ತೋಳಿಗೂ ಗೀರಿದ್ಯಾ?”

“ಇಲ್ಲ. ಬೆನ್ನಿಗೆ ಮಾತ್ರ.”

ಖಾಯ್ ತಮ್ಮನ ಕಿವಿಯನ್ನು ಬೆರಳಲ್ಲಿ ಮುಟ್ಟಿ, ನೋಡಲು ಬಂದಿದ್ದ ನನ್ನ ಮುಖ ನೋಡಿದ. ಇಬ್ಬರಿಗೂ ಆ ಹಂದಿ ಕಣ್ಣಿಗೆ ಕಟ್ಟಿತು.

“ಗಾಳಿ ಅಲ್ಲ ಇದು,” ಅಂದ. “ಗಾಡಿ ತೆಗಿ.”

ನನ್ನ ಬೈಕಿನಲ್ಲಿ ಬಾಂಗ್‌ನನ್ನು ನಡುವೆ ಒತ್ತಿಕೊಂಡು ಹೊರಟೆವು. ಹಿಂದೆಯೇ ಮುಯಿ ಬೇರೊಬ್ಬರ ಗಾಡಿಯಲ್ಲಿ ಬಂದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಾಂಗ್ ಅಣ್ಣನನ್ನೇ ಗುರುತಿಸದಾಗಿದ್ದ.

“ಏನು ತಿಂದಿದ್ರು?” ಡಾಕ್ಟರಮ್ಮ ಕೇಳಿದರು.

“ಅನ್ನ, ಕೋಳಿ,” ಅಂದಳು ಮುಯಿ. ಹಸಿ ನೆತ್ತರೆಂದರೆ ಬೈಗುಳ ತಪ್ಪದೆಂದು ಅವಳಿಗೆ ಗೊತ್ತಿತ್ತು.

“ಸುಳ್ಳು,” ಅಂದ ಖಾಯ್. “ಹಸಿ ನೆತ್ತರು. ಕಾಯಿಲೆ ಹಂದೀದು. ಕಟ್ಟಿದೋನು ನಾನೇ.”

ಅವರು ಬೈಯಲಿಲ್ಲ. ನರಕ್ಕೆ ಸೂಜಿ ಚುಚ್ಚಿಸಿ, ಆಮೇಲೆ ಹೇಳಿದರು: “ಈ ರೋಗಾಣು ಹಂದಿ ಗಂಟಲಲ್ಲಿ ಸುಮ್ಮನೆ ಇರುತ್ತೆ. ಹಂದಿ ಸೋತಾಗ ನೆತ್ತರಿಗಿಳಿಯುತ್ತೆ. ಹಸಿ ತಿಂದೋರ ನೆತ್ತರಿಗೆ ದಾಟಿ ಮಿದುಳಿನ ಪೊರೆಗೆ ಹತ್ತುತ್ತೆ. ಸಾರಾಯಿ, ನಿಂಬೆಗೆಲ್ಲ ಸಾಯಲ್ಲ. ಕುದಿಸಿದ್ರೆ ಸಾಯುತ್ತೆ.”

“ನಾನೂ ತಿಂದೆನಲ್ಲಮ್ಮ,” ಅಂದ ಖಾಯ್.

“ಎಲ್ಲರಿಗೂ ತಗಲಲ್ಲ. ಕುಡಿದು ಈಲಿ ಸೋತಿದ್ರೆ ಮಾತ್ರ ಬಾಗಿಲು ತೆಗೆದಿಟ್ಟ ಹಾಗೆ.”

“ಉಳೀತಾನಾ?”

“ಬೇಗ ನಿಜ ಹೇಳಿದ್ರಿ. ನೋಡೋಣ.”

ಖಾಯ್ ಹೊರಗೆ ಗೋಡೆಗೊರಗಿ ಕೂತ. ಎಷ್ಟೋ ಹೊತ್ತು ತನ್ನ ಕೈಗಳನ್ನು ಮೂಸುತ್ತಿದ್ದ.

ಬಾಂಗ್ ಉಳಿದ. ಕಿವಿ ಉಳಿಯಲಿಲ್ಲ; ರೋಗ ಅವನನ್ನು ಕಿವುಡನಾಗಿಸಿತ್ತು.

ಮುಂದಿನ ತಿಥಿಗೆ ಖಾಯ್ ನೆತ್ತರನ್ನು ಬಟ್ಟಲಿಗೆ ಬಗ್ಗಿಸದೆ ಕುದಿಯುವ ಗಂಜಿಗೆ ಸುರಿದ. ನೆಂಟನೊಬ್ಬ ಕೆಣಕಿದ: “ಏನ್ ಖಾಯ್, ಕೈ ಸೋತೋಯ್ತಾ? ಬಾಣಂತಿ ಊಟ ಮಾಡಿದೀಯಲ್ಲ.”

ಪಂಕ್ತಿ ನಕ್ಕಿತು. ಖಾಯ್ ತಲೆ ತಗ್ಗಿಸಿ ಸೌಟು ತಿರುಗಿಸಿದ. ನಗು ಕೇಳಿಸದ ಬಾಂಗ್ ಗಡಿಗೆಯೊಳಗೆ ಇಣುಕಿ, ಕಿವುಡರ ದೊಡ್ಡ ದನಿಯಲ್ಲಿ ಪಂಕ್ತಿಯೆಲ್ಲ ಬೆಚ್ಚುವಂತೆ ಹೇಳಿದ:

“ಅಣ್ಣಾ, ಇನ್ನೊಂಚೂರು ಕುದೀಲಿ.”